ಕೆಟ್ಟಿರುವುದು ನೌಕೆಯೋ, ಮೀಟರೋ? ಗಗನಯಾನದ ಹಳೇ ಕೇಸುಗಳಿಂದ ಒಂದು ದೋಷ ನಿವಾರಣೆ ಕೈಪಿಡಿ

ಕೆಂಪು ದೀಪ ಹತ್ತಿದರೆ ಮೊದಲು ದೀಪವನ್ನೇ ವಿಚಾರಿಸಬೇಕು. ರಿಪೇರಿ ಕೆಲಸ ಮಾಡುವವರಿಗೆಲ್ಲ ಇದು ಗೊತ್ತು. ಸ್ಕೂಟರಿನ ಪೆಟ್ರೋಲ್ ಮುಳ್ಳು ಕೆಳಗೆ ಬಿದ್ದಿದ್ದರೆ ಮುಚ್ಚಳ ತೆಗೆದು ಗಾಡಿ ಅಲ್ಲಾಡಿಸಿ ಒಳಗೆ ನೋಡುತ್ತೇವೆ, ಅಲ್ವಾ? ಆದರೆ ಭೂಮಿಯಿಂದ 3 ಲಕ್ಷ ಕಿಲೋಮೀಟರ್ ಆಚೆ ಇರುವ ಟ್ಯಾಂಕಿನ ಮುಚ್ಚಳ ಯಾರು ತೆಗೆಯಬೇಕು? ಅಲ್ಲಿ ನಮ್ಮ ಕೈಗೆ ಸಿಗುವುದು ಪರದೆಯ ಮೇಲಿನ ಅಂಕಿಗಳು ಮಾತ್ರ. ಆ ಅಂಕಿಗಳೂ ಒಂದು ಸೆನ್ಸರ್, ಒಂದು ವೈರು, ಒಂದು ಪರಿವರ್ತಕ, ಒಂದು ರೇಡಿಯೋ ದಾಟಿ ಬಂದಿರುತ್ತವೆ. ಇವುಗಳಲ್ಲಿ ಯಾವುದು ಬೇಕಾದರೂ ಕೆಟ್ಟಿರಬಹುದು.

ಮೀಟರನ್ನು ನಂಬಿ ಸುಮ್ನೆ ಯಾತ್ರೆ ನಿಲ್ಲಿಸಿದರೂ ತಪ್ಪು. ನಂಬದೆ ಕೂತು ಜನರನ್ನು ಕಳೆದುಕೊಂಡರೂ ತಪ್ಪು. ಗಗನಯಾನದ ಇತಿಹಾಸದಲ್ಲಿ ಎರಡೂ ಬಗೆಯ ಕೇಸು ಬೇಕಾದಷ್ಟಿವೆ. ಕೆಳಗಿರುವುದು ಲಕ್ಷಣದ ಪ್ರಕಾರ ಜೋಡಿಸಿದ ಕೈಪಿಡಿ. ನಿಮ್ಮ ಯಂತ್ರ ಯಾವುದೇ ಇರಲಿ, ಲಕ್ಷಣ ಹೊಂದಿದರೆ ಅಲ್ಲಿಂದ ಓದಿ.

ಲಕ್ಷಣ: ಒಂದೇ ದೀಪ ಹತ್ತಿದೆ, ಉಳಿದದ್ದೆಲ್ಲ ಸರಿ ಇದೆ

1962ರ ಫೆಬ್ರವರಿ 20. ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ 'ಫ್ರೆಂಡ್‌ಶಿಪ್ 7' ನೌಕೆಯಲ್ಲಿ ಭೂಮಿ ಸುತ್ತುತ್ತಿದ್ದರು. ನೆಲದ ಮೇಲಿನ ಪರದೆಯಲ್ಲಿ 'ಸೆಗ್ಮೆಂಟ್ 51' ಅನ್ನುವ ಸಂಕೇತ ಕಾಣಿಸಿಕೊಂಡಿತು. ನೌಕೆಯ ತಳದಲ್ಲಿರುವ ಶಾಖ ಕವಚದ ಕೊಂಡಿ ಬಿಟ್ಟುಕೊಂಡಿದೆ ಅಂತ ಅದರ ಅರ್ಥ. ನಿಜವೇ ಆಗಿದ್ದರೆ ವಾತಾವರಣಕ್ಕೆ ಇಳಿಯುವಾಗ ಕವಚ ಕಳಚಿ ಹೋಗುತ್ತದೆ, ಗ್ಲೆನ್ ಸುಟ್ಟುಹೋಗುತ್ತಾರೆ.

ಇಂಥ ಹೊತ್ತಿನಲ್ಲಿ ಕೇಳಬೇಕಾದದ್ದು: ಈ ದೀಪ ಹೇಳುತ್ತಿರುವುದು ನಿಜವಾದರೆ ಬೇರೆ ಏನೇನು ಕಾಣಿಸಬೇಕು? ಕವಚ ಸಡಿಲವಾಗಿದ್ದರೆ ನೌಕೆ ತಿರುಗುವಾಗ ಬಡಿಯುವ ಸದ್ದು ಬರಬೇಕು. ಬಡಿತ ಕೇಳಿಸುತ್ತಿದೆಯಾ ಅಂತ ಗ್ಲೆನ್‌ರನ್ನು ಕೇಳಿದರು. ಇಲ್ಲ ಅಂದರು. ಆಮೇಲೆ ಲ್ಯಾಂಡಿಂಗ್ ಬ್ಯಾಗ್ (ಸಮುದ್ರಕ್ಕೆ ಬೀಳುವಾಗ ಹೊಡೆತ ತಡೆಯಲು ಕವಚದ ಹಿಂದೆ ಮಡಿಸಿಟ್ಟ ಚೀಲ) ಸ್ವಿಚ್ಚನ್ನು 'ಆಟೋ'ಗೆ ಹಾಕಿ ನೋಡಲು ಹೇಳಿದರು. ಕೊಂಡಿ ಬಿಟ್ಟಿದ್ದರೆ ಕ್ಯಾಬಿನ್ ಒಳಗಿನ ದೀಪ ಹತ್ತಬೇಕಿತ್ತು. ಹತ್ತಲಿಲ್ಲ. ಅಂದರೆ ಒಂದು ಸಾಕ್ಷಿ 'ಬಿಟ್ಟಿದೆ' ಅಂದರೆ, ಎರಡು ಸಾಕ್ಷಿ 'ಇಲ್ಲ' ಅಂದವು.

ನೆಲದಿಂದ ಇಡೀ ಯಾತ್ರೆ ನಡೆಸುವ ಫ್ಲೈಟ್ ಡೈರೆಕ್ಟರ್ ಕ್ರಿಸ್ ಕ್ರಾಫ್ಟ್‌ಗೆ ಸೆನ್ಸರ್ ಮೇಲೇ ಅನುಮಾನ. ಆದರೂ ಮೇಲಿನವರು ಬೇರೆ ದಾರಿ ಹಿಡಿದರು. ಕವಚದ ಮೇಲೆ ಪಟ್ಟಿಗಳಿಂದ ಕಟ್ಟಿದ್ದ ರೆಟ್ರೊ ರಾಕೆಟ್ (ಇಳಿಯಲು ವೇಗ ತಗ್ಗಿಸುವ ಪುಟ್ಟ ರಾಕೆಟ್) ಕಟ್ಟನ್ನು ಕಳಚದೆ ಹಾಗೇ ಇಳಿಯಲಿ, ಆ ಪಟ್ಟಿಗಳಾದರೂ ಕವಚವನ್ನು ಹಿಡಿದಿಟ್ಟಾವು ಅಂತ. ರಾಕೆಟ್‌ಗಳೆಲ್ಲ ಪೂರ್ತಿ ಉರಿದು ಮುಗಿದಿದ್ದರೆ ಮಾತ್ರ ಹೀಗೆ ಮಾಡಬಹುದು ಅಂತ ವಿನ್ಯಾಸಕಾರ ಮ್ಯಾಕ್ಸ್ ಫ್ಯಾಜೆಟ್ ಷರತ್ತು ಹಾಕಿದರು. ಇಳಿಯುವಾಗ ಆ ಕಟ್ಟು ಉರಿದು ಚೂರುಚೂರಾಗಿ ಗ್ಲೆನ್ ಕಿಟಕಿಯ ಮುಂದೆ ಹಾರಿತು. ಉರಿಯುತ್ತಿರುವುದು ಕವಚವೇ ಇರಬಹುದು ಅಂತ ಅವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಕೊನೆಗೆ ಸುರಕ್ಷಿತವಾಗಿ ಸಮುದ್ರಕ್ಕೆ ಇಳಿದರು. ಬಿಚ್ಚಿ ನೋಡಿದಾಗ ಕವಚ ಗಟ್ಟಿಯಾಗಿತ್ತು, ಸ್ವಿಚ್ ಕೆಟ್ಟಿತ್ತು.

ಕ್ರಾಫ್ಟ್ ಹೇಳಿದ್ದೇ ಸರಿಯಾಯಿತು ನಿಜ. ಆದರೆ ಕಟ್ಟನ್ನು ಬಿಡದೆ ಇಳಿಸಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಮೀಟರ್ ಸುಳ್ಳು ಅಂತ 90 ಪಾಲು ಖಾತ್ರಿ ಇದ್ದರೂ, ಉಳಿದ 10 ಪಾಲಿನಲ್ಲಿ ಒಬ್ಬ ಮನುಷ್ಯ ಕೂತಿದ್ದ.

ಇದೇ ಲಕ್ಷಣಕ್ಕೆ ಇನ್ನೊಂದು ಪರೀಕ್ಷೆ ಇದೆ: ತಟ್ಟಿ ನೋಡುವುದು. ನಗಬೇಡಿ. 1971ರ ಫೆಬ್ರವರಿಯಲ್ಲಿ ಅಪೋಲೋ 14ರ ಅಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್ ಚಂದ್ರನ ಮೇಲೆ ಇಳಿಯಲು ತಯಾರಾಗುತ್ತಿದ್ದರು. ಯಾರೂ 'ಅಬಾರ್ಟ್' (ಇಳಿಯುವುದನ್ನು ರದ್ದು ಮಾಡುವ) ಗುಂಡಿ ಒತ್ತಿರಲಿಲ್ಲ. ಆದರೂ ಒತ್ತಿದ್ದಾರೆ ಅಂತ ಕಂಪ್ಯೂಟರಿಗೆ ಸಂಕೇತ ಹೋಗುತ್ತಿತ್ತು. ಎಂಜಿನ್ ಹೊತ್ತಿದ ಮೇಲೆ ಹೀಗಾದರೆ ಕಂಪ್ಯೂಟರ್ ತಾನಾಗಿಯೇ ಇಳಿಯುವುದನ್ನು ಬಿಟ್ಟು ವಾಪಸ್ ಮೇಲಕ್ಕೆ ಹೊರಡುತ್ತದೆ. ಗುಂಡಿಯ ಪಕ್ಕ ಪ್ಯಾನಲ್ ತಟ್ಟಲು ನೆಲದಿಂದ ಹೇಳಿದರು. ಮಿಚೆಲ್ ತಟ್ಟಿದರು, ಸಂಕೇತ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು.

ತಟ್ಟಿದರೆ ಬದಲಾಗುವ ದೋಷ ಸಾಮಾನ್ಯವಾಗಿ ವೈರು, ಬೆಸುಗೆ ಅಥವಾ ಸ್ವಿಚ್ಚಿನದು. ಸ್ವಿಚ್ ಒಳಗೆ ಬೆಸುಗೆಯ ಹನಿಯಂಥ ಲೋಹದ ಚೂರೊಂದು ತೇಲುತ್ತ ಎರಡು ತುದಿಗಳನ್ನು ಸೇರಿಸುತ್ತಿದೆ ಅಂತ ಅನುಮಾನಪಟ್ಟರು. ಗುರುತ್ವ ಇಲ್ಲದ ಕಡೆ ಅದು ತಳಕ್ಕೆ ಬೀಳುವುದೂ ಇಲ್ಲ. ಸ್ವಿಚ್ ಬಿಚ್ಚುವ ಹಾಗಿಲ್ಲ. ಅಮೆರಿಕದ ಕೇಂಬ್ರಿಜ್‌ನಲ್ಲಿ ಕೂತಿದ್ದ ಡಾನ್ ಐಲ್ಸ್ ಎಂಬ ಪ್ರೋಗ್ರಾಮರ್ ಒಂದು ಉಪಾಯ ಬರೆದರು. ಅಬಾರ್ಟ್ ಕಾರ್ಯಕ್ರಮ ಆಗಲೇ ನಡೆಯುತ್ತಿದೆ ಅಂತ ಕಂಪ್ಯೂಟರಿನ ನೆನಪಿನ ಒಂದು ಜಾಗಕ್ಕೆ ಸುಳ್ಳು ಹೇಳುವುದು. ಈಗಾಗಲೇ ಅಬಾರ್ಟ್ ಆಗುತ್ತಿದ್ದರೆ ಗುಂಡಿಯನ್ನು ಮತ್ತೆ ನೋಡುವ ಅಗತ್ಯ ಕಂಪ್ಯೂಟರಿಗೆ ಇಲ್ಲ. ಮಿಚೆಲ್ ಆ ಆದೇಶಗಳನ್ನು ಕೈಯಾರೆ ಒತ್ತಿ ತುಂಬಿಸಿದರು. ಇಳಿದರು.

ಒಂದು ಎಚ್ಚರಿಕೆ. ಹೀಗೆ ಸ್ವಿಚ್ಚನ್ನು ದಾಟಿ ಹೋದಾಗ ಅದರ ಜೊತೆಗೆ ಬೇರೆ ಏನೇನು ಕೈಬಿಟ್ಟೆವು ಅಂತ ಬರೆದಿಟ್ಟುಕೊಳ್ಳಬೇಕು. ಇವರಿಗೆ ಕಂಪ್ಯೂಟರ್ ತಾನೇ ಮಾಡಬೇಕಿದ್ದ ಕೆಲವು ಕೆಲಸ, ಎಂಜಿನ್ ವೇಗ ಏರಿಸುವುದೂ ಸೇರಿ, ಕೈಯಲ್ಲಿ ಮಾಡಬೇಕಾಯಿತು.

ಲಕ್ಷಣ: ಎಲ್ಲ ದೀಪಗಳೂ ಒಟ್ಟಿಗೆ ಹತ್ತಿವೆ

ಇದು ಅತಿ ಕಷ್ಟದ ಲಕ್ಷಣ. ಐದು ತಿಂಗಳ ಅಂತರದಲ್ಲಿ ಒಂದೇ ಕಂಟ್ರೋಲ್ ರೂಮಿನಲ್ಲಿ, ಒಂದೇ ಮೇಜಿನ ಮುಂದೆ, ಎರಡು ಸಲ ಬಂತು. ಒಂದು ಸಲ ಅಂಕಿಗಳು ಸುಳ್ಳು. ಇನ್ನೊಂದು ಸಲ ನಿಜ.

ಮೊದಲನೆಯದು 1969ರ ನವೆಂಬರ್ 14, ಅಪೋಲೋ 12. ಮೋಡ ಕವಿದ ಹವೆಯಲ್ಲಿ ಸ್ಯಾಟರ್ನ್ 5 ರಾಕೆಟ್ ಮೇಲೆದ್ದಿತು. 36.5ನೇ ಸೆಕೆಂಡಿಗೆ ಸಿಡಿಲು ಹೊಡೆಯಿತು. 52ನೇ ಸೆಕೆಂಡಿಗೆ ಇನ್ನೊಂದು. ಆಮ್ಲಜನಕ, ಹೈಡ್ರೋಜನ್ ಸೇರಿಸಿ ನೌಕೆಗೆ ಕರೆಂಟು ಕೊಡುವ ಇಂಧನ ಕೋಶಗಳು ಮೂರೂ ಸಂಪರ್ಕ ಕಳಚಿಕೊಂಡವು. ನೌಕೆಯ ನಾಯಕ ಪೀಟ್ ಕಾನ್ರಾಡ್ ಮುಂದಿನ ಎಚ್ಚರಿಕೆ ಫಲಕ ಪೂರಾ ಹೊತ್ತಿಕೊಂಡಿತು. ಹೂಸ್ಟನ್‌ನಲ್ಲಿ ವಿದ್ಯುತ್ ವ್ಯವಸ್ಥೆ ನೋಡುತ್ತಿದ್ದ ಜಾನ್ ಆರನ್‌ಗೆ ಆಗ 26 ವರ್ಷ. ಅವರ ಪರದೆಯ ಅಂಕಿಗಳು ಸೊನ್ನೆಯೂ ಆಗಿರಲಿಲ್ಲ, ಸರಿಯಾಗಿಯೂ ಇರಲಿಲ್ಲ. ಒಂದಕ್ಕೊಂದು ತಾಳೆಯಾಗದ ಕಸ.

ಆ ಕಸದ ನಮೂನೆಯನ್ನು ಆರನ್ ಹಿಂದೆ ನೋಡಿದ್ದರು. ಸುಮಾರು ಒಂದು ವರ್ಷ ಮೊದಲು ಕೆನಡಿ ಕೇಂದ್ರದ ಒಂದು ಪರೀಕ್ಷೆಯಲ್ಲಿ ಅಕಸ್ಮಾತ್ ವೋಲ್ಟೇಜ್ ಇಳಿದಾಗ ಇದೇ ಥರದ ಅಂಕಿಗಳು ಬಂದಿದ್ದವು. ಅವರ ಪಾಳಿಯ ಕೆಲಸ ಅಲ್ಲದಿದ್ದರೂ ಕೂತು ಮೂಲ ಹುಡುಕಿದ್ದರು. ಸೆನ್ಸರ್‌ಗಳ ಕಚ್ಚಾ ಸಂಕೇತವನ್ನು ಒಂದು ಹದಕ್ಕೆ ತರುವ ಪೆಟ್ಟಿಗೆ ಇದೆ, ಅದರ ಹೆಸರು ಎಸ್‌ಸಿಇ. ವೋಲ್ಟೇಜ್ ಕಡಿಮೆಯಾದರೆ ಆ ಪೆಟ್ಟಿಗೆ ಹುಚ್ಚುಹುಚ್ಚಾಗಿ ಮಾತಾಡುತ್ತದೆ. ಸ್ವಿಚ್ಚನ್ನು 'ಆಕ್ಸಿಲಿಯರಿ'ಗೆ ಹಾಕಿದರೆ ಕಡಿಮೆ ವೋಲ್ಟೇಜಿನಲ್ಲೂ ನಡೆಯುತ್ತದೆ. "ಎಸ್‌ಸಿಇ ಟು ಆಕ್ಸ್" ಅಂದರು ಆರನ್. ಫ್ಲೈಟ್ ಡೈರೆಕ್ಟರ್ ಜೆರಿ ಗ್ರಿಫಿನ್‌ಗೆ ಆ ಸ್ವಿಚ್ ಯಾವುದು ಅಂತಲೇ ಗೊತ್ತಿರಲಿಲ್ಲ, ಕಾನ್ರಾಡ್‌ಗೂ ಗೊತ್ತಿರಲಿಲ್ಲ. ನೌಕೆಯಲ್ಲಿ ಜೊತೆಗಿದ್ದ ಅಲನ್ ಬೀನ್‌ಗೆ ಗೊತ್ತಿತ್ತು, ಅದು ಅವರ ಪಕ್ಕದಲ್ಲೇ ಇತ್ತು. ಹಾಕಿದರು. ಅಂಕಿಗಳು ಮರಳಿದವು. ಇಂಧನ ಕೋಶಗಳನ್ನು ಮತ್ತೆ ಜೋಡಿಸಿದರು. ಚಂದ್ರನಿಗೆ ಹೋಗಿ ಬಂದರು.

ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಇಷ್ಟೆಲ್ಲ ಗದ್ದಲದಲ್ಲೂ ರಾಕೆಟ್ ಸೀದಾ ಹಾರುತ್ತಿತ್ತು. ಸ್ಯಾಟರ್ನ್‌ಗೆ ತನ್ನದೇ ಪ್ರತ್ಯೇಕ ಕಂಪ್ಯೂಟರ್ ಇತ್ತು, ಅದಕ್ಕೆ ಸಿಡಿಲು ತಟ್ಟಲಿಲ್ಲ. ಆ ಸಾಕ್ಷಿ ಇರದೆ ಹೋಗಿದ್ದರೆ ಅಷ್ಟು ಹೊತ್ತು ಯೋಚಿಸಲು ಯಾರೂ ಬಿಡುತ್ತಿರಲಿಲ್ಲ.

ಎರಡನೆಯದು 1970ರ ಏಪ್ರಿಲ್ 13, ಅಪೋಲೋ 13. ಆಮ್ಲಜನಕದ ಟ್ಯಾಂಕಿನೊಳಗಿನ ಫ್ಯಾನುಗಳನ್ನು ತಿರುಗಿಸಿ ಕಲಕಲು ಹೇಳಿದ ಸ್ವಲ್ಪ ಹೊತ್ತಿಗೆ 'ಢಂ' ಅಂತ ಸದ್ದು. ಪರದೆಯ ಮೇಲೆ 2ನೇ ಆಮ್ಲಜನಕ ಟ್ಯಾಂಕಿನ ಒತ್ತಡ ಇಲ್ಲವೇ ಇಲ್ಲ. ಎರಡು ಇಂಧನ ಕೋಶ ಸತ್ತಿವೆ. 'ಬಿ' ವಿದ್ಯುತ್ ಬಸ್ಸಿನ (ಕರೆಂಟು ಹಂಚುವ ಮುಖ್ಯ ತಂತಿಯ) ವೋಲ್ಟೇಜ್ ಬಿದ್ದಿದೆ. ಮೇಜಿನ ಮುಂದೆ ಇದ್ದವರು ಸೈ ಲೀಬರ್ಗಾಟ್. ಇದು ಮೀಟರುಗಳ ತೊಂದರೆ ಇರಬಹುದು ಅಂತ ಅವರು ಫ್ಲೈಟ್ ಡೈರೆಕ್ಟರ್ ಜೀನ್ ಕ್ರಾಂಟ್ಸ್‌ಗೆ ಹೇಳಿದರು.

ಈ ಕತೆ ಹೇಳುವವರು ಈ ಮಾತನ್ನು ದಡ್ಡತನ ಅನ್ನುವ ಹಾಗೆ ಹೇಳುತ್ತಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಆ ಟ್ಯಾಂಕಿನಲ್ಲಿ ಎಷ್ಟು ಆಮ್ಲಜನಕ ಇದೆ ಅಂತ ತೋರಿಸುವ ಮಾಪಕ ಆ ಮೊದಲೇ ನಿಜವಾಗಿ ಕೆಟ್ಟಿತ್ತು, ಮೇಲಿನ ಕೊನೆಗೆ ಹೋಗಿ ನಿಂತಿತ್ತು. ಇಷ್ಟೊಂದು ಭಾಗಗಳು ಒಂದೇ ಕ್ಷಣದಲ್ಲಿ ಸಾಯುವ ಹಾಗೆ ನೌಕೆಯನ್ನು ಕಟ್ಟಿರಲೂ ಇಲ್ಲ. ಹಾಗಿರುವಾಗ ಮೀಟರನ್ನು ಅನುಮಾನಿಸುವುದೇ ಸರಿಯಾದ ಮೊದಲ ಹೆಜ್ಜೆ. ಎಷ್ಟು ಹೊತ್ತು ಅನುಮಾನಿಸಬೇಕು ಅನ್ನುವುದಷ್ಟೇ ಪ್ರಶ್ನೆ.

ಹಾಗಾದರೆ ಈ ಎರಡು ಕೇಸುಗಳನ್ನು ಬೇರೆ ಮಾಡಿ ನೋಡುವುದು ಹೇಗೆ? ಅಪೋಲೋ 12ರ ಅಂಕಿಗಳಿಗೆ ಒಂದಕ್ಕೊಂದು ಸಂಬಂಧ ಇರಲಿಲ್ಲ. ಅಪೋಲೋ 13ರ ಅಂಕಿಗಳು ಸರಪಳಿಯಾಗಿ ಕೂಡುತ್ತಿದ್ದವು. ಆಮ್ಲಜನಕ ಹೋದರೆ ಇಂಧನ ಕೋಶ ಸಾಯಬೇಕು, ಕೋಶ ಸತ್ತರೆ ವೋಲ್ಟೇಜ್ ಬೀಳಬೇಕು. ಹಾಗೆಯೇ ಆಗಿತ್ತು. ಕೆಟ್ಟ ಮೀಟರುಗಳು ಸೇರಿ ಇಷ್ಟು ಅಚ್ಚುಕಟ್ಟಾದ ಕತೆ ಕಟ್ಟುವುದಿಲ್ಲ. ಜೊತೆಗೆ ಮೀಟರಿಗೆ ಸಂಬಂಧವೇ ಇಲ್ಲದ ಸಾಕ್ಷಿಗಳು ಬರತೊಡಗಿದವು. ಮೂವರೂ ಸದ್ದು ಕೇಳಿದ್ದರು. ನೌಕೆ ತನ್ನ ದಿಕ್ಕು ಕಾಯ್ದುಕೊಳ್ಳಲು ಪುಟ್ಟ ರಾಕೆಟ್‌ಗಳನ್ನು ಮತ್ತೆ ಮತ್ತೆ ಹಾರಿಸುತ್ತಿತ್ತು, ಯಾರೋ ಪಕ್ಕದಿಂದ ತಳ್ಳುತ್ತಿರುವ ಹಾಗೆ. ಸುಮಾರು ಕಾಲು ಗಂಟೆಯ ನಂತರ ನೌಕೆಯ ನಾಯಕ ಜಿಮ್ ಲವೆಲ್ ಕಿಟಕಿಯಿಂದ ನೋಡಿದರು. ಏನೋ ಒಂದು ಅನಿಲ ಹೊರಗೆ ಚಿಮ್ಮುತ್ತಿತ್ತು. ಅಲ್ಲಿಗೆ ಮೀಟರಿನ ವಾದ ಮುಗಿಯಿತು.

ಆಮೇಲಿನ ಕೆಲಸ ಸೋರಿಕೆಯನ್ನು ಬೇರ್ಪಡಿಸುವುದು. ಸತ್ತ ಇಂಧನ ಕೋಶದ ಕಡೆಯಿಂದ ಆಮ್ಲಜನಕ ಹೋಗುತ್ತಿದ್ದರೆ ಅದರ ವಾಲ್ವ್ ಮುಚ್ಚಿದರೆ ನಿಲ್ಲಬಹುದು. ಆದರೆ ಆ ವಾಲ್ವ್ ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವ ಹಾಗಿಲ್ಲ. ಮುಚ್ಚಿದರೆ ಚಂದ್ರನ ಮೇಲೆ ಇಳಿಯುವ ಆಸೆ ಬಿಟ್ಟ ಹಾಗೆ. ಮುಚ್ಚಿದರು. 1ನೇ ಟ್ಯಾಂಕಿನ ಒತ್ತಡ ಆಗಲೂ ಇಳಿಯುತ್ತಲೇ ಹೋಯಿತು. ಹಿಂದಿರುಗಿಸಲಾಗದ ಹೆಜ್ಜೆಯನ್ನು ಕೊನೆಗೆ ಇಟ್ಟುಕೊಳ್ಳಿ, ಇಡಬೇಕಾಗಿ ಬಂದಾಗ ತಡ ಮಾಡಬೇಡಿ.

ಇನ್ನೊಂದು ಸಂಗತಿ ಇದರಲ್ಲಿ ಹೂತುಹೋಗಿದೆ. ಸ್ಫೋಟಕ್ಕೆ ಮೊದಲಿನ ಕೊನೆಯ ಒಂದೂವರೆ ನಿಮಿಷದಲ್ಲಿ ಆ ಟ್ಯಾಂಕಿನ ಒತ್ತಡ ಏರುತ್ತಾ ಹೋಗಿದ್ದು ದಾಖಲಾಗಿತ್ತು. ಎಚ್ಚರಿಕೆ ಗಂಟೆ ಯಾಕೆ ಬಾರಿಸಲಿಲ್ಲ? ಹೈಡ್ರೋಜನ್ ಟ್ಯಾಂಕಿನ ಒತ್ತಡ ಕಡಿಮೆ ಅನ್ನುವ ಚಿಕ್ಕ ಎಚ್ಚರಿಕೆ ಆಗಲೇ ಹತ್ತಿಕೊಂಡಿತ್ತು. ಅದೂ ಇದೂ ಒಂದೇ ದೀಪಕ್ಕೆ ಸೇರಿದ್ದವು. ಹತ್ತಿದ ದೀಪ ಮತ್ತೆ ಹೊಸದಾಗಿ ಹತ್ತುವುದಿಲ್ಲ. 'ಅದು ಚಿಕ್ಕದು, ಹಾಗೇ ಇರಲಿ' ಅಂತ ಬಿಟ್ಟ ದೀಪಗಳನ್ನು ಹುಡುಕಿ, ಅವು ಇನ್ಯಾವುದರ ಬಾಯಿ ಮುಚ್ಚಿವೆ ಅಂತ ನೋಡಿ.

ಲಕ್ಷಣ: ಮುಳ್ಳು ಕೊನೆಯಲ್ಲಿ ನಿಂತಿದೆ, ಮೇಲೂ ಹೋಗದು ಕೆಳಗೂ ಬರದು

ಅಪೋಲೋ 13ರ ಟ್ಯಾಂಕ್ ಯಾಕೆ ಒಡೆಯಿತು ಅನ್ನುವುದರ ಉತ್ತರ ಈ ಲಕ್ಷಣದಲ್ಲಿದೆ. ಟ್ಯಾಂಕಿನೊಳಗೆ ಹೀಟರ್ ಇತ್ತು. ಶಾಖ ಜಾಸ್ತಿಯಾದರೆ, ಅಂದರೆ ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗೆ, ಥರ್ಮೋಸ್ಟಾಟ್ ಸ್ವಿಚ್ ತಾನೇ ಕರೆಂಟು ಕಡಿಯಬೇಕು. ಆ ಸ್ವಿಚ್ಚುಗಳು 28 ವೋಲ್ಟ್‌ಗೆ ಮಾಡಿದ್ದವು. ಉಡಾವಣಾ ಕೇಂದ್ರದಲ್ಲಿ ಕೊಡುತ್ತಿದ್ದುದು 65 ವೋಲ್ಟ್. ಉಳಿದ ಭಾಗಗಳನ್ನು 65ಕ್ಕೆ ತಕ್ಕಂತೆ ಬದಲಾಯಿಸಿದರು, ಸ್ವಿಚ್ಚನ್ನು ಯಾರೂ ಬದಲಾಯಿಸಲಿಲ್ಲ.

1970ರ ಮಾರ್ಚ್ ಕೊನೆಯಲ್ಲಿ ಪರೀಕ್ಷೆಗೆ ತುಂಬಿದ ಆಮ್ಲಜನಕವನ್ನು ಖಾಲಿ ಮಾಡಲು ಹೋದರೆ ಟ್ಯಾಂಕ್ ಬಿಟ್ಟುಕೊಡಲಿಲ್ಲ. ಸರಿ, ಹೀಟರ್ ಹಾಕಿ ಕುದಿಸಿ ಹೊರಗೆ ಕಳಿಸೋಣ ಅಂದುಕೊಂಡರು. ಸುಮಾರು 8 ಗಂಟೆ ಹೀಟರ್ ಉರಿಯಿತು. ಸ್ವಿಚ್ ಕಡಿಯಲು ಹೋದಾಗ 65 ವೋಲ್ಟಿನ ಕಿಡಿಗೆ ಅದರ ತುದಿಗಳು ಬೆಸೆದುಕೊಂಡವು. ಹೀಟರ್ ಕೊಳವೆಯ ಶಾಖ ಕೆಲವು ಕಡೆ 540 ಡಿಗ್ರಿ ಆಸುಪಾಸಿಗೆ ಹೋಗಿರಬಹುದು ಅಂತ ಆಮೇಲಿನ ತನಿಖೆ ಅಂದಾಜು ಮಾಡಿತು. ವೈರಿನ ಟೆಫ್ಲಾನ್ ಹೊದಿಕೆ ಹಾಳಾಯಿತು. ಆಗ ಪಕ್ಕದಲ್ಲಿ ಒಬ್ಬ ತಂತ್ರಜ್ಞ ಶಾಖದ ಮಾಪಕವನ್ನು ನೋಡುತ್ತಲೇ ಇದ್ದರು. ಆದರೆ ಮಾಪಕದ ಗೀಟುಗಳು 27 ಡಿಗ್ರಿ ಆಸುಪಾಸಿಗೆ ಮುಗಿದಿದ್ದವು. ಅದಕ್ಕಿಂತ ಜಾಸ್ತಿ ತೋರಿಸುವ ಅಗತ್ಯ ಬರುವುದಿಲ್ಲ, ಸ್ವಿಚ್ ಕಡಿಯುತ್ತದಲ್ಲ ಅನ್ನುವ ಲೆಕ್ಕ.

ಮುಳ್ಳು ಕೊನೆಗೆ ಹೋಗಿ ನಿಂತಿದ್ದರೆ ಅದು ಸಂಖ್ಯೆಯಲ್ಲ. 'ಇಷ್ಟಂತೂ ಇದೆ' ಅನ್ನುತ್ತಿದೆ, ಎಷ್ಟು ಅಂತ ಹೇಳುತ್ತಿಲ್ಲ. ಆಗ ಬೇರೆ ಕಡೆಯಿಂದ ಅಳೆಯಬೇಕು. ಇಲ್ಲಿ ಬೇರೆ ಸಾಕ್ಷಿ ಕೈಗೆಟಕುವ ದೂರದಲ್ಲೇ ಇತ್ತು. ಸ್ವಿಚ್ ಕೆಲಸ ಮಾಡುತ್ತಿದ್ದರೆ ಹೀಟರಿನ ಕರೆಂಟು ಆಗಾಗ ನಿಂತು ಶುರುವಾಗಬೇಕಿತ್ತು. ಎಂಟು ಗಂಟೆಯೂ ಒಂದೇ ಸಮ ಹರಿಯಿತು. ಆ ಮೀಟರನ್ನು ಆ ಕಣ್ಣಿನಿಂದ ಯಾರೂ ನೋಡಲಿಲ್ಲ.

ಲಕ್ಷಣ: ಎರಡು ಸೆನ್ಸರ್ ಒಂದೇ ಮಾತು ಹೇಳುತ್ತಿವೆ

ಎರಡೂ ಒಪ್ಪಿದರೆ ನಂಬಬಹುದು ಅನ್ನಿಸುತ್ತದೆ. ಎರಡೂ ಒಂದೇ ಅಚ್ಚಿನವಾಗಿದ್ದರೆ ನಂಬಬೇಡಿ.

1985ರ ಜುಲೈ 29ರಂದು ಚಾಲೆಂಜರ್ ಷಟಲ್ ಮೇಲೇರುತ್ತಿತ್ತು. 5 ನಿಮಿಷ 45 ಸೆಕೆಂಡಿಗೆ ನಡುವಿನ ಎಂಜಿನ್ ತಾನಾಗಿಯೇ ನಿಂತಿತು. ಅದರ ಇಂಧನ ಟರ್ಬೈನಿನ ಶಾಖ ನೋಡುವ ಎರಡು ಸೆನ್ಸರ್‌ಗಳೂ ಮಿತಿ ಮೀರಿದೆ ಅಂದಿದ್ದವು. ಎರಡು ಒಪ್ಪಿದರೆ ನಿಲ್ಲಿಸು ಅಂತ ಕಂಪ್ಯೂಟರಿಗೆ ಹೇಳಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ಬಲಗಡೆಯ ಎಂಜಿನ್ನಿನ ಒಂದು ಸೆನ್ಸರ್ ಹೋಯಿತು, ಇನ್ನೊಂದೂ ಏರತೊಡಗಿತು. ಅದೂ ನಿಂತರೆ ಕಕ್ಷೆ ಸೇರುವ ಮಾತೇ ಇಲ್ಲ. ಹೂಸ್ಟನ್‌ನಲ್ಲಿ ಎಂಜಿನ್ ನೋಡುತ್ತಿದ್ದ ಜೆನ್ನಿ ಹವರ್ಡ್, ಕಂಪ್ಯೂಟರ್ ಆ ಮಿತಿಗಳನ್ನು ನೋಡಿ ಎಂಜಿನ್ ನಿಲ್ಲಿಸದ ಹಾಗೆ ಸ್ವಿಚ್ ಹಾಕಲು ಕೂಡಲೇ ಹೇಳಿದರು. ಷಟಲ್ ಅಂದುಕೊಂಡದ್ದಕ್ಕಿಂತ ಕೆಳಗಿನ ಕಕ್ಷೆಗೆ ಸೇರಿತು. ಏಳೂ ಜನ ತಮ್ಮ ಕೆಲಸ ಮುಗಿಸಿ ಬಂದರು. ಎಂಜಿನ್ನುಗಳಿಗೆ ಏನೂ ಆಗಿರಲಿಲ್ಲ, ಕೆಟ್ಟದ್ದು ಸೆನ್ಸರ್‌ಗಳು.

ಒಂದೇ ಶಾಖ, ಒಂದೇ ನಡುಕ, ಒಂದೇ ತಯಾರಿ. ಒಂದು ಯಾಕೆ ಸತ್ತಿತೋ ಎರಡನೆಯದೂ ಅದಕ್ಕೇ ಸಾಯುತ್ತದೆ. ಸಾಕ್ಷಿಗಳು ಬೇರೆ ಬೇರೆ ಕುಲದವಾಗಿರಬೇಕು. ಇದಕ್ಕೆ ಒಳ್ಳೆಯ ಉದಾಹರಣೆ ಬೆಂಗಳೂರಿನದೇ. 2009ರಲ್ಲಿ ಚಂದ್ರಯಾನ-1ರ ನಕ್ಷತ್ರ ಸೆನ್ಸರ್‌ಗಳು ಕೆಟ್ಟವು. ನೌಕೆ ಯಾವ ಕಡೆ ಮುಖ ಮಾಡಿದೆ ಅಂತ ಹೇಳುತ್ತಿದ್ದುದು ಅವೇ. ಇಸ್ರೋ ತಂಡ ಗೈರೋಸ್ಕೋಪ್‌ಗಳನ್ನು ಹಿಡಿಯಿತು, ಆಂಟೆನಾ ಯಾವ ಕಡೆ ತಿರುಗಿದೆ ಅನ್ನುವ ಮಾಹಿತಿ ಸೇರಿಸಿತು, ಚಂದ್ರನ ಮೇಲಿನ ಗುರುತಿನ ಜಾಗಗಳ ಫೋಟೋಗಳ ಜೊತೆ ತಾಳೆ ನೋಡಿತು. ಮೂರೂ ಬೇರೆ ಬೇರೆ ದಾರಿಯಲ್ಲಿ ಬಂದ ಮಾಹಿತಿ. ಆ ನೌಕೆಯಲ್ಲಿ ಮನುಷ್ಯರಿರಲಿಲ್ಲ, ಆದರೆ ದೋಷ ಹುಡುಕುವ ಪಾಠಕ್ಕೆ ಅದೇನೂ ಅಡ್ಡಿಯಲ್ಲ.

ಲಕ್ಷಣ: ಎಚ್ಚರಿಕೆ ಬಂದಿದೆ, ಅದರ ಅರ್ಥ ಯಾರಿಗೂ ನೆನಪಿಲ್ಲ

ಅಪೋಲೋ 11 ಚಂದ್ರನ ಮೇಲೆ ಇಳಿಯುವಾಗ ಕಂಪ್ಯೂಟರ್ ತೋರಿಸಿದ 1202 ಅನ್ನುವ ಎಚ್ಚರಿಕೆ. ಇದು ಎಲ್ಲರಿಗೂ ಗೊತ್ತಿರುವ ಕತೆ, ಬೇಗ ಮುಗಿಸುತ್ತೇನೆ. ಬೇಡದ ಹೊತ್ತಲ್ಲಿ ಆನ್ ಆಗಿದ್ದ ರಾಡಾರ್ ಒಂದು ಕಂಪ್ಯೂಟರಿನ ಹೊತ್ತನ್ನು ಕದಿಯುತ್ತಿತ್ತು. ಕೆಲಸ ಜಾಸ್ತಿಯಾಯಿತು ಅಂತ ಕಂಪ್ಯೂಟರ್ ಕೂಗಿತು, ಮುಖ್ಯವಲ್ಲದ್ದನ್ನು ಬಿಟ್ಟು ಮುಖ್ಯವಾದದ್ದನ್ನು ಮುಂದುವರಿಸಿತು. ಎಚ್ಚರಿಕೆ ನಿಜ, ಅಪಾಯ ಇಲ್ಲ. ಅದನ್ನು ಆ ಕ್ಷಣದಲ್ಲೇ ಹೇಳಲು ಆದದ್ದು ಯಾಕೆಂದರೆ ಕೆಲವು ವಾರಗಳ ಹಿಂದೆ ಅಭ್ಯಾಸದಲ್ಲಿ ಇದೇ ಥರದ ಎಚ್ಚರಿಕೆಗೆ ಕಂಟ್ರೋಲ್ ರೂಮಿನ ಸ್ಟೀವ್ ಬೇಲ್ಸ್ ಇಳಿಯುವುದನ್ನು ನಿಲ್ಲಿಸಿಬಿಟ್ಟಿದ್ದರು. ಆಮೇಲೆ ಅವರಿಗೆ ನೆರವಾಗುತ್ತಿದ್ದ ಜ್ಯಾಕ್ ಗಾರ್ಮನ್ ಎಲ್ಲ ಎಚ್ಚರಿಕೆಗಳನ್ನೂ ಕೈಯಲ್ಲಿ ಪಟ್ಟಿ ಬರೆದು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ನಿಮ್ಮ ಯಂತ್ರದ ಪಟ್ಟಿಯನ್ನೂ ದೀಪ ಹತ್ತುವ ಮೊದಲೇ ಬರೆಯಿರಿ.

ಲಕ್ಷಣ: "ಅದು ಯಾವಾಗಲೂ ಹಾಗೇ, ಬಿಡಿ"

ಇದು ಯಂತ್ರದ ಲಕ್ಷಣ ಅಲ್ಲ, ಜನರದು. ಆದರೂ ಪಟ್ಟಿಯಲ್ಲಿ ಇರಬೇಕು.

2013ರ ಜುಲೈ 9ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹೊರಗೆ ನಡಿಗೆ ಮುಗಿಸಿ ಬಂದ ಲೂಕಾ ಪರ್ಮಿತಾನೋ ಅವರ ಹೆಲ್ಮೆಟ್ಟಿನಲ್ಲಿ ನೀರು ಸಿಕ್ಕಿತು. ಕುಡಿಯುವ ನೀರಿನ ಚೀಲ ಸೋರಿರಬೇಕು ಅಂದರು. ಅಂಥ ಚೀಲ ಸೋರುತ್ತದೆ ಅನ್ನುವುದು ಎಲ್ಲರೂ ಒಪ್ಪಿಕೊಂಡಿದ್ದ ಮಾತು. ಅದೇ ಉಡುಪಿನಲ್ಲಿ ಜುಲೈ 16ರಂದು ಮತ್ತೆ ಹೊರಗೆ ಹೋದರು. ಮುಕ್ಕಾಲು ಗಂಟೆಯೊಳಗೆ ಉಡುಪಿನ ಇಂಗಾಲದ ಡೈಆಕ್ಸೈಡ್ ಸೆನ್ಸರ್ ಕೈಕೊಟ್ಟಿತು. ತೇವಕ್ಕೆ ಅದು ಆಗಾಗ ಹೀಗೆ ಮಾಡುತ್ತದೆ, ಹಾಗಾಗಿ ಯಾರೂ ಹೆಚ್ಚು ಗಮನ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಲೂಕಾ, ತಲೆಯ ಹಿಂದೆ ನೀರು ತಗಲುತ್ತಿದೆ ಅಂದರು. ಬೆವರೇ? ಚೀಲವೇ? ನೀರು ಮಾತ್ರ ಹೆಚ್ಚುತ್ತಲೇ ಹೋಯಿತು.

ಗುರುತ್ವ ಇಲ್ಲದ ಕಡೆ ನೀರು ಕೆಳಗೆ ಇಳಿಯುವುದಿಲ್ಲ, ಚರ್ಮಕ್ಕೆ ಅಂಟಿಕೊಂಡು ಹರಡುತ್ತದೆ. ಕಿವಿ ಮುಚ್ಚಿತು, ಕಣ್ಣಿಗೆ ಬಂತು, ಮೂಗಿಗೆ ಬಂತು. ಕತ್ತಲಾಗುತ್ತಿತ್ತು. ತನ್ನನ್ನು ನಿಲ್ದಾಣಕ್ಕೆ ಕಟ್ಟಿದ್ದ ಹಗ್ಗದ ಜಾಡು ಹಿಡಿದೇ ಬಾಗಿಲಿಗೆ ಬಂದರು. ಹೆಲ್ಮೆಟ್ಟಿನಲ್ಲಿ ಒಂದರಿಂದ ಒಂದೂವರೆ ಲೀಟರ್ ನೀರಿತ್ತು. ಅದು ಬಂದದ್ದು ಉಡುಪನ್ನು ತಂಪಾಗಿಡುವ ವ್ಯವಸ್ಥೆಯಿಂದ. ಗಾಳಿಯಿಂದ ನೀರನ್ನು ಬೇರ್ಪಡಿಸುವ ಭಾಗದ ಸಣ್ಣ ತೂತುಗಳು ಸಿಲಿಕಾದಂಥ ಕಸದಿಂದ ಕಟ್ಟಿಕೊಂಡಿದ್ದವು.

ಈಗ ಸೆನ್ಸರನ್ನು ಮತ್ತೆ ನೋಡಿ. ಅದು ಕೆಟ್ಟದ್ದು ನಿಜ. ಕೆಟ್ಟದ್ದು ನೀರಿನಿಂದ. ಗಾಳಿ ಹೋಗುವ ದಾರಿಯಲ್ಲಿ ನೀರು ಸೇರುತ್ತಿದೆ ಅಂತ ಮೊದಲು ಹೇಳಿದ್ದು ಆ ಸತ್ತ ಸೆನ್ಸರೇ. ಮೀಟರ್ ಕೆಟ್ಟಿದೆ ಅಂತ ಖಾತ್ರಿಯಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಯಾತರಿಂದ ಕೆಟ್ಟಿತು?

ಲಕ್ಷಣ: ದೀಪ ಆರಿದೆ. ಈಗ ಎಲ್ಲ ಸರಿಯಾಯಿತೇ?

ಸೋವಿಯತ್ ನೌಕೆ ಸೋಯುಜ್ 11, 1971ರ ಜೂನ್. ದೊಬ್ರೊವೊಲ್‌ಸ್ಕಿ, ವೋಲ್ಕೊವ್, ಪತ್ಸಾಯೆವ್ ಮೂವರೂ ಸಲ್ಯೂತ್ 1 ನಿಲ್ದಾಣದಿಂದ ಹೊರಡುವ ಹೊತ್ತು. 'ಬಾಗಿಲು ತೆರೆದಿದೆ' ಅನ್ನುವ ದೀಪ ಆರುತ್ತಿರಲಿಲ್ಲ. ಬಾಗಿಲು ತೆಗೆದು ಮತ್ತೆ ಹಾಕಿದರು. ಆರಲಿಲ್ಲ. ಕೊನೆಗೆ ಬಾಗಿಲ ಅಂಚಿನ ಸೆನ್ಸರ್ ಗುಂಡಿಯ ಮೇಲೆ ಒಂದು ತುಂಡು ಇಟ್ಟು ಒತ್ತಿ ಮುಚ್ಚಿದ ಮೇಲೆ ದೀಪ ಆರಿತು. ಇಲ್ಲಿಗೆ ಬಿಡದೆ ಪಕ್ಕದ ಕೋಣೆಯ ಗಾಳಿ ಇಳಿಸಿ ಬಾಗಿಲು ಹಿಡಿಯುತ್ತದೆಯಾ ಅಂತಲೂ ಪರೀಕ್ಷಿಸಿದರು. ಹಿಡಿಯಿತು. ರೋಗ ನಿರ್ಣಯ ಸರಿಯಾಗಿಯೇ ಇತ್ತು, ಬಾಗಿಲಿಗೆ ಏನೂ ಆಗಿರಲಿಲ್ಲ.

ಕೇಡು ಬೇರೆ ಕಡೆ ಕಾದಿತ್ತು. ಇಳಿಯುವ ದಾರಿಯಲ್ಲಿ ನೌಕೆಯ ಭಾಗಗಳು ಬೇರ್ಪಡುವಾಗ ಆದ ಹೊಡೆತಕ್ಕೆ ಒಂದು ಗಾಳಿ ವಾಲ್ವ್ ತೆರೆದುಕೊಂಡಿತು. ಅದು ತೆರೆಯಬೇಕಿದ್ದುದು ನೆಲದ ಹತ್ತಿರ ಬಂದಾಗ, ತೆರೆದದ್ದು 168 ಕಿಲೋಮೀಟರ್ ಎತ್ತರದಲ್ಲಿ. ಮೂವರಿಗೂ ಒತ್ತಡದ ಉಡುಪು ಇರಲಿಲ್ಲ. ಮೂವರೂ ತೀರಿಕೊಂಡರು. ಆಮೇಲೆ ಸೋಯುಜ್‌ನಲ್ಲಿ ಏರುವಾಗ ಇಳಿಯುವಾಗ ಒತ್ತಡದ ಉಡುಪು ಕಡ್ಡಾಯವಾಯಿತು. ಜಾಗ ಸಾಲದೆ ಕೆಲವು ವರ್ಷ ಇಬ್ಬರೇ ಹೋದರು.

ನೆಲದ ಮೇಲಿದ್ದರೆ

ಕೆಲಸ ಸುಲಭ: ಮೀಟರನ್ನು ನಂಬಿ, ನಿಲ್ಲಿ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಲ್ಲಿ ಇಸ್ರೋದ ಮಾನವಸಹಿತ 'ಗಗನಯಾನ' ಯೋಜನೆಯ ಟಿವಿ-ಡಿ1 ಪರೀಕ್ಷಾ ವಾಹನವನ್ನು ಉಡಾವಣೆಗೆ 5 ಸೆಕೆಂಡ್ ಇರುವಾಗ ಕಂಪ್ಯೂಟರ್ ತಡೆಯಿತು. ಉಸ್ತುವಾರಿ ವ್ಯವಸ್ಥೆಯಲ್ಲೇ ವ್ಯತ್ಯಾಸ ಇತ್ತು ಅಂತ ಇಸ್ರೋ ಪತ್ತೆ ಮಾಡಿ ಸರಿಪಡಿಸಿತು. ಬೆಳಿಗ್ಗೆ 10ಕ್ಕೆ ವಾಹನ ಹಾರಿತು. ಟಿವಿ ಮುಂದೆ ಕೂತಿದ್ದವರಿಗೆ ಬೇಜಾರಾಗಿರಬಹುದು. ಆದರೆ ನೆಲದ ಮೇಲೆ ಸುಳ್ಳು ಎಚ್ಚರಿಕೆಗೆ ತೆರುವ ಬೆಲೆ ಅಷ್ಟೇ.

ಲಕ್ಷಣ: ಒತ್ತಡ ನಿಧಾನವಾಗಿ ಇಳಿಯುತ್ತಿದೆ, ಎಲ್ಲಿಂದ ಅಂತ ಗೊತ್ತಿಲ್ಲ

2020ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಾಳಿ ಸೋರುತ್ತಿತ್ತು. ನಿಲ್ದಾಣ ಯಾವಾಗಲೂ ಸ್ವಲ್ಪ ಸೋರುತ್ತದೆ, ಇದು ಅದಕ್ಕಿಂತ ಜಾಸ್ತಿ. ದಾರಿ ಗೊತ್ತಿರುವುದೇ: ಬಾಗಿಲುಗಳನ್ನೆಲ್ಲ ಮುಚ್ಚಿ, ಒಂದೊಂದು ಕೋಣೆಯ ಒತ್ತಡವನ್ನು ಬೇರೆಬೇರೆಯಾಗಿ ನೋಡುವುದು. ಆಗಸ್ಟ್‌ನಲ್ಲಿ ಮೂವರು ಗಗನಯಾತ್ರಿಗಳು ರಷ್ಯಾದ 'ಜ್ವೆಜ್ದಾ' ಭಾಗದಲ್ಲಿ ಸೇರಿಕೊಂಡು ಉಳಿದದ್ದನ್ನೆಲ್ಲ ಮುಚ್ಚಿದರು. ಏನೂ ಸಿಗಲಿಲ್ಲ. ಸೋರುತ್ತಿದ್ದುದು ಅವರು ಕೂತಿದ್ದ ಭಾಗವೇ! ಪರೀಕ್ಷೆ ಮಾಡುವವರು ಕೂರುವ ಜಾಗವನ್ನೂ ಒಮ್ಮೆ ಬದಲಾಯಿಸಬೇಕು ಅನ್ನುವುದು ಇಲ್ಲಿಯ ಲಾಭ.

ಸೆಪ್ಟೆಂಬರ್ ಕೊನೆಯ ಒಂದು ರಾತ್ರಿ ಸೋರಿಕೆ ಇದ್ದಕ್ಕಿದ್ದಂತೆ ಹೆಚ್ಚಾದ ಹಾಗೆ ಅಂಕಿಗಳು ಹೇಳಿದವು. ಮಲಗಿದ್ದವರನ್ನು ಎಬ್ಬಿಸಿದರು. ಆಮೇಲೆ ನೋಡಿದರೆ ನಿಲ್ದಾಣದ ಒಳಗಿನ ಶಾಖ ಸ್ವಲ್ಪ ಬದಲಾಗಿತ್ತು, ಅದರಿಂದ ಒತ್ತಡ ಬದಲಾಗಿತ್ತು. ಸೋರಿಕೆ ಹಿಂದಿನಷ್ಟೇ ಇತ್ತು. ಒತ್ತಡ ನೋಡುವಾಗ ಪಕ್ಕದಲ್ಲಿ ಶಾಖದ ಅಂಕಿಯನ್ನೂ ಇಟ್ಟುಕೊಳ್ಳಿ, ಇಲ್ಲದಿದ್ದರೆ ಸುಮ್ನೆ ನಿದ್ದೆ ಹಾಳು. ಎದ್ದವರಲ್ಲಿ ಕ್ರಿಸ್ ಕ್ಯಾಸಿಡಿಯೂ ಒಬ್ಬರು. 2013ರಲ್ಲಿ ಲೂಕಾ ಜೊತೆ ಹೊರಗೆ ನಡೆದಿದ್ದವರು ಇವರೇ.

ಆದರೂ ಆ ರಾತ್ರಿಯ ಹುಡುಕಾಟದಿಂದ ಜಾಗ ಜ್ವೆಜ್ದಾ ಅಂತ ಖಚಿತವಾಯಿತು. ಇಷ್ಟು ದೊಡ್ಡ ಭಾಗದಲ್ಲಿ ಕಣ್ಣಿಗೆ ಕಾಣದ ಬಿರುಕು ಎಲ್ಲಿ? ಅಕ್ಟೋಬರ್‌ನಲ್ಲಿ ಅನತೋಲಿ ಇವಾನಿಶಿನ್ ಒಂದು ಟೀ ಪೊಟ್ಟಣ ಹರಿದು ಎಲೆಯ ಚೂರುಗಳನ್ನು ಗಾಳಿಯಲ್ಲಿ ಬಿಟ್ಟರು. ಕ್ಯಾಮೆರಾ ಇಟ್ಟು ಬಾಗಿಲು ಮುಚ್ಚಿದರು. ಫ್ಯಾನಿನ ಗಾಳಿಯಿಲ್ಲ, ಓಡಾಡುವ ಜನರಿಲ್ಲ. ಚೂರುಗಳು ನಿಧಾನವಾಗಿ ಗಾಳಿ ಹೊರಹೋಗುತ್ತಿದ್ದ ಕಡೆಗೆ ತೇಲಿದವು. ಜ್ವೆಜ್ದಾದ ಹಿಂತುದಿಯ ಸಣ್ಣ ಕೋಣೆಯ ಗೋಡೆಯಲ್ಲಿ ಗೀರಿನಂಥ ಬಿರುಕು ಸಿಕ್ಕಿತು. ಸದ್ಯಕ್ಕೆ ಅಂತ ಟೇಪ್ ಹಚ್ಚಿದರು.

ಬಿರುಕು ಯಾಕೆ ಬಂತು ಅನ್ನುವುದರ ಬಗ್ಗೆ ನಾಸಾ ಮತ್ತು ರಷ್ಯಾದ ಬಾಹ್ಯಾಕಾಶ ಸಂಸ್ಥೆ ರೋಸ್‌ಕಾಸ್ಮೋಸ್ ಎಂಜಿನಿಯರ್‌ಗಳು 2024ರಲ್ಲೂ ಒಮ್ಮತಕ್ಕೆ ಬಂದಿರಲಿಲ್ಲ. ಆ ಕೋಣೆಯಲ್ಲಿ ಸೋರಿಕೆ ಮತ್ತೆ ಮತ್ತೆ ಕಾಣಿಸಿಕೊಂಡಿತು. ಹಾಗಾಗಿ ಸಾಮಾನು ಸಾಗಿಸುವ ಕೆಲಸ ಇಲ್ಲದಾಗ ಅದರ ಬಾಗಿಲನ್ನು ಮುಚ್ಚಿಯೇ ಇಡತೊಡಗಿದರು.